ಬೇಸಿಗೆ ಶಿಬಿರದ ಈಜುಕೊಳಗಳ ಇತಿಹಾಸವನ್ನು ಬರೆಯುವ ಬಗೆ

ಅಮೆರಿಕದಲ್ಲಿ ಐವತ್ತು, ಎಪ್ಪತ್ತೈದು, ನೂರು ವರ್ಷಗಳನ್ನು ಪೂರೈಸಿದ ಮಕ್ಕಳ ಬೇಸಿಗೆ ಶಿಬಿರಗಳು ಬಹಳ ಇವೆ. ಅಂಥ ಶಿಬಿರವೊಂದು ಸ್ಮರಣ ಸಂಚಿಕೆಯನ್ನು ಹೊರತರುವಾಗ ಈಜುಕೊಳಕ್ಕೂ ಒಂದು ಪುಟ ಸಿಗುತ್ತದೆ. ಆ ಪುಟದಲ್ಲಿ ದಾನಿಯ ಹೆಸರು, ಉದ್ಘಾಟನೆಯ ದಿನ, ನೀರಿಗೆ ಹಾರುತ್ತಿರುವ ಮಕ್ಕಳ ಒಂದು ಚಿತ್ರ ಇರುತ್ತವೆ. ಹಳೆಯ ಕೊಳವನ್ನು ಏಕೆ ಕೈಬಿಟ್ಟರು, ಹೊಸದನ್ನು ಅಲ್ಲಿಯೇ ಏಕೆ ತೋಡಿದರು, ನಡುವೆ ಎರಡು ಬೇಸಿಗೆ ಯಾರೂ ನೀರಿಗೆ ಇಳಿಯದಿದ್ದುದಕ್ಕೆ ಕಾರಣವೇನು ಎಂಬುದು ಅದರಲ್ಲಿ ಇರುವುದಿಲ್ಲ. ಈ ಕೆಲಸವನ್ನು ಕೈಗೆತ್ತಿಕೊಂಡವರು ಉದ್ಘಾಟನೆಗಳ ಪಟ್ಟಿಯನ್ನು ಬದಿಗಿಟ್ಟು ನೀರಿನ ಜಾಡು ಹಿಡಿದು ಹೊರಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅದನ್ನು ಹೇಗೆ ಶುಚಿಯಾಗಿಡುತ್ತಿದ್ದರು, ದಡದಲ್ಲಿ ನಿಂತು ಮಕ್ಕಳನ್ನು ಕಾಯುತ್ತಿದ್ದವರು ಯಾರು, ನೀರಿಗೆ ಇಳಿಯಲು ಅವಕಾಶವೇ ಇಲ್ಲದಿದ್ದ ಮಕ್ಕಳು ಯಾರು ಎಂಬ ಐದು ಪ್ರಶ್ನೆಗಳನ್ನು ಪ್ರತಿಯೊಂದು ದಶಕಕ್ಕೂ ಕೇಳುತ್ತ ಹೋದರೆ, ಕೊಳದ ಇತಿಹಾಸವೆಂದರೆ ಮಕ್ಕಳ ವಿಷಯದಲ್ಲಿ ದೊಡ್ಡವರಿಗೆ ಯಾವ ಕಾಲದಲ್ಲಿ ಯಾವ ಭಯವಿತ್ತು, ಅದಕ್ಕೆ ಅವರು ಏನು ಮಾಡಿದರು ಎಂಬುದರ ಇತಿಹಾಸವೇ ಎಂದು ತಿಳಿದುಬರುತ್ತದೆ.

ಕೊಳಕ್ಕಿಂತ ಮೊದಲಿನ ನೀರು

ಮೊದಲ ಕಾಂಕ್ರೀಟ್ ಕೊಳದಿಂದ ಆರಂಭಿಸಬೇಡಿ. ಅಮೆರಿಕದ ಶಿಬಿರಗಳು ಹುಟ್ಟಿದ್ದೇ ನೀರಿನ ದಂಡೆಯಲ್ಲಿ. ಫ್ರೆಡರಿಕ್ ಗನ್ ಎಂಬ ಶಾಲಾ ಶಿಕ್ಷಕರು 1861ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಕನೆಕ್ಟಿಕಟ್ ರಾಜ್ಯದ ವಾಷಿಂಗ್ಟನ್ ಎಂಬ ಊರಿನಿಂದ ಸಮುದ್ರತೀರದ ಮಿಲ್ಫರ್ಡ್‌ಗೆ ನಡೆಸಿಕೊಂಡು ಹೋಗಿ ಬಿಡಾರ ಹೂಡಿದರು. ಅರ್ನೆಸ್ಟ್ ಬಾಲ್ಚ್ 1881ರಲ್ಲಿ ಆರಂಭಿಸಿದ ಚೊಕೊರುವಾ ಶಿಬಿರ ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ದ್ವೀಪವೊಂದರಲ್ಲಿತ್ತು. ವೈಎಂಸಿಎ ಯುವಕರ ಸಂಘದ ಸಮ್ನರ್ ಡಡ್ಲಿ 1885ರಲ್ಲಿ ಹುಡುಗರನ್ನು ಕರೆದೊಯ್ದದ್ದೂ ಸರೋವರದ ದಡಕ್ಕೇ. ನಿಮ್ಮ ಶಿಬಿರಕ್ಕೂ ಕೊಳ ಬರುವ ಮೊದಲು ಒಂದು ಸರೋವರವೋ ಹೊಳೆಯ ಮಡುವೋ ಒಡ್ಡು ಕಟ್ಟಿ ನಿಲ್ಲಿಸಿದ ನೀರೋ ಇದ್ದಿರುವ ಸಂಭವ ಹೆಚ್ಚು.

ಆ ಜಾಗವನ್ನು ಹುಡುಕಲು ಬೇಸಿಗೆಯ ಕೊನೆಯಲ್ಲಿ, ನೀರು ಇಳಿದಿರುವಾಗ ಹೋಗಬೇಕು. ಅಟ್ಟಣೆಯ ಕಂಬಗಳ ಬುಡ, ಕಲ್ಲು ತುಂಬಿದ ಮರದ ಚೌಕಟ್ಟು, ಹಗ್ಗ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಆಗ ಕಣ್ಣಿಗೆ ಬೀಳುತ್ತವೆ. ಈಜು ಬಾರದ ಮಕ್ಕಳಿಗಾಗಿ ಅನೇಕ ಶಿಬಿರಗಳಲ್ಲಿ ಹಲಗೆಯ ತಳವಿರುವ ದೊಡ್ಡ ಮರದ ಪೆಟ್ಟಿಗೆಯನ್ನು ಸರೋವರದಲ್ಲಿ ಮುಳುಗಿಸಿ ಕಟ್ಟುತ್ತಿದ್ದರು. ಮಗುವಿನ ಕಾಲಿಗೆ ಎಲ್ಲಿ ನಿಂತರೂ ನೆಲ ಸಿಗುತ್ತಿತ್ತು. ಹಳೆಯ ಚಿತ್ರಗಳಲ್ಲಿ ಇದು ಸಾಮಾನ್ಯ ಕಟ್ಟೆಯಂತೆ ಕಾಣುವುದರಿಂದ ಭೂತಗನ್ನಡಿ ಹಿಡಿದು ನೋಡಬೇಕಾಗುತ್ತದೆ.

ಸರೋವರವನ್ನು ಬಿಟ್ಟು ಕೊಳಕ್ಕೆ ಬಂದುದು ಏಕೆ ಎಂಬುದು ಇಡೀ ಬರಹದ ಕೀಲಿ. ದಾಖಲೆಗಳಲ್ಲಿ ಇದಕ್ಕೆ ಕೆಲವೇ ಕಾರಣಗಳು ಮತ್ತೆ ಮತ್ತೆ ಕಾಣಿಸುತ್ತವೆ: ಮೇಲ್ಭಾಗದ ಊರಿನ ಚರಂಡಿ ನೀರು ಹೊಳೆಗೆ ಸೇರತೊಡಗಿದ್ದು, ಬರದ ವರ್ಷದಲ್ಲಿ ಮಡು ಒಣಗಿದ್ದು, ಶಿಬಿರಕ್ಕೆ ಸಿಕ್ಕ ಅಗ್ಗದ ಜಮೀನಿನಲ್ಲಿ ನೀರೇ ಇಲ್ಲದಿದ್ದುದು, ಎಲ್ಲಕ್ಕಿಂತ ಮುಖ್ಯವಾಗಿ ಕದಡಿದ ನೀರಿನಲ್ಲಿ ತಳ ಕಾಣದಿರುವುದು. ಮುಳುಗಿದ ಮಗು ಕಣ್ಣಿಗೆ ಬೀಳುವುದೋ ಇಲ್ಲವೋ ಎಂಬುದೇ ಕೊಳ ಮತ್ತು ಸರೋವರಗಳ ನಡುವಿನ ನಿಜವಾದ ವ್ಯತ್ಯಾಸ. ಅತಿ ಆಳದ ಜಾಗದಲ್ಲಿಯೂ ತಳದ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಕೊಳವನ್ನು ಮುಚ್ಚಬೇಕೆಂಬ ನಿಯಮ ಇಂದಿಗೂ ಅನೇಕ ರಾಜ್ಯಗಳಲ್ಲಿದೆ.

ತುಂಬಿಸಿ ಬಸಿಯುತ್ತಿದ್ದ ಕೊಳಗಳು

ಆರಂಭದ ಕೊಳಗಳಿಗೆ ಫಿಲ್ಟರ್ ಇರಲಿಲ್ಲ. ಒರತೆಯಿಂದಲೋ ತೊರೆಯಿಂದಲೋ ನೀರನ್ನು ಹರಿಸಿ ತುಂಬಿಸುವುದು, ಕೆಲವು ದಿನ ಮಕ್ಕಳು ಈಜಿದ ಮೇಲೆ ತೂಬು ತೆಗೆದು ಬಸಿಯುವುದು, ಪಾಚಿಯನ್ನು ಉಜ್ಜಿ ತೊಳೆದು ಮತ್ತೆ ತುಂಬಿಸುವುದು ಇಷ್ಟೇ ಆಗಿನ ಕ್ರಮ. ಉತ್ತರದ ರಾಜ್ಯಗಳಲ್ಲಿ ಒರತೆಯ ನೀರು ಬೇಸಿಗೆಯಲ್ಲೂ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ತುಂಬಿಸಿದ ಮೊದಲ ದಿನ ಶುಚಿಯಾದ ಆದರೆ ಕೊರೆಯುವ ನೀರು, ವಾರದ ಕೊನೆಗೆ ಬೆಚ್ಚಗಿನ ಆದರೆ ಹಸಿರು ನೀರು ಮಕ್ಕಳಿಗೆ ಸಿಗುತ್ತಿತ್ತು.

ಈ ಕಾಲದ ಬಗ್ಗೆ ಹಳಬರು ಹೇಳುವ ಮಾತುಗಳನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು. ಕೊಳದ ಉದ್ದ, ಅಗಲ, ಸರಾಸರಿ ಆಳಗಳನ್ನು ಅಡಿಗಳಲ್ಲಿ ಗುಣಿಸಿ, ಬಂದುದನ್ನು 7.48ರಿಂದ ಗುಣಿಸಿದರೆ ಅಮೆರಿಕದ ಗ್ಯಾಲನ್‌ಗಳಲ್ಲಿ (ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್) ನೀರಿನ ಪ್ರಮಾಣ ಸಿಗುತ್ತದೆ. 60 ಅಡಿ ಉದ್ದ, 25 ಅಡಿ ಅಗಲ, 5 ಅಡಿ ಸರಾಸರಿ ಆಳದ ಕೊಳದಲ್ಲಿ ಸುಮಾರು 56,100 ಗ್ಯಾಲನ್ ನೀರು ಹಿಡಿಯುತ್ತದೆ. ಇನ್ನು ಒರತೆಯ ಬಳಿಗೆ 5 ಗ್ಯಾಲನ್‌ನ ಬಕೆಟ್ ತೆಗೆದುಕೊಂಡು ಹೋಗಿ, ಅದು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ. ಹದಿನೈದು ಸೆಕೆಂಡು ಆದರೆ ಹರಿವು ನಿಮಿಷಕ್ಕೆ 20 ಗ್ಯಾಲನ್. ಆ ಕೊಳ ತುಂಬಲು ಸುಮಾರು 47 ಗಂಟೆ ಬೇಕು. ಶನಿವಾರ ಸಂಜೆ ಆರಕ್ಕೆ ತೂಬು ತೆಗೆದು ಸೋಮವಾರ ಬೆಳಿಗ್ಗೆ ಏಳಕ್ಕೆ ತುಂಬಿಸಿರುತ್ತಿದ್ದರು ಎಂದು ಯಾರಾದರೂ ಹೇಳಿದರೆ, ಬಸಿಯುವುದಕ್ಕೂ ತೊಳೆಯುವುದಕ್ಕೂ ಐದು ಗಂಟೆ ಬಿಟ್ಟು ಉಳಿಯುವ 32 ಗಂಟೆಗಳಲ್ಲಿ ಅದು ಸಾಧ್ಯವಾಗಲು ನಿಮಿಷಕ್ಕೆ 29 ಗ್ಯಾಲನ್ ಹರಿಯಬೇಕಿತ್ತು. ಹಾಗಾದರೆ ಎರಡನೆಯ ಮೂಲವೊಂದು ಇತ್ತೇ, ಪಂಪು ಇತ್ತೇ, ಕೊಳವನ್ನು ಅರ್ಧವಷ್ಟೇ ಬಸಿಯುತ್ತಿದ್ದರೇ, ಅಥವಾ ಒರತೆಯೇ ಆಗ ಈಗಿಗಿಂತ ಜೋರಾಗಿ ಹರಿಯುತ್ತಿತ್ತೇ? ಇಂಥ ಒಂದು ಲೆಕ್ಕದಿಂದ ಹುಟ್ಟುವ ಪ್ರಶ್ನೆಗಳು ಹತ್ತು ಭಾವಚಿತ್ರಗಳಿಂದಲೂ ಹುಟ್ಟುವುದಿಲ್ಲ. ಬಸಿದ ನೀರು ಯಾರ ಹೊಲದ ಮೇಲೆ ಹರಿದು ಹೋಗುತ್ತಿತ್ತು ಎಂದೂ ಕೇಳಿ. ಶಿಬಿರಕ್ಕೂ ನೆರೆಯ ರೈತರಿಗೂ ನಡೆದ ಪತ್ರವ್ಯವಹಾರ ಕೊಳದ ಬಗ್ಗೆ ಉಳಿದಿರುವ ಅತಿ ಹಳೆಯ ಕಾಗದವಾಗಿರಬಹುದು.

ಕ್ಲೋರಿನ್, ವಿದ್ಯುತ್ತು, ಫಿಲ್ಟರ್

ಅಮೆರಿಕದಲ್ಲಿ ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸುವ ಕ್ರಮ 1908ರಲ್ಲಿ ಜರ್ಸಿ ಸಿಟಿಯ ನೀರು ಸರಬರಾಜಿನಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ಅದರ ಪ್ರಯೋಗ ನಡೆಯಿತು. ದೂರದ ಕಾಡಿನ ಶಿಬಿರಕ್ಕೆ ಇದು ತಲುಪಲು ಬಹಳ ಕಾಲ ಬೇಕಾಯಿತು. ಮೊದಮೊದಲು ಬ್ಲೀಚಿಂಗ್ ಪೌಡರನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಎಳೆದಾಡಿಸುವುದು, ಬಕೆಟ್ಟಿನಲ್ಲಿ ಕರಗಿಸಿ ಸುರಿಯುವುದು ಸಾಕೆನಿಸಿತ್ತು. ಆದ್ದರಿಂದ ಲೆಕ್ಕಪುಸ್ತಕಗಳಲ್ಲಿ ಕ್ಲೋರಿನ್ ಎಂಬ ಪದವನ್ನಷ್ಟೇ ಹುಡುಕಿದರೆ ಸಾಲದು. ಬ್ಲೀಚ್, ಸುಣ್ಣ, ಮೈಲುತುತ್ತದ ರಸೀದಿಗಳನ್ನೂ ನೋಡಿ. ಮೈಲುತುತ್ತವನ್ನು ಪಾಚಿ ಕೊಲ್ಲಲು ಬಳಸುತ್ತಿದ್ದರು.

ಫಿಲ್ಟರ್ ಬರಲು ಪಂಪು ಬೇಕು, ಪಂಪು ಸದಾ ಓಡಲು ವಿದ್ಯುತ್ತು ಬೇಕು. ಗ್ರಾಮೀಣ ವಿದ್ಯುದೀಕರಣಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರ 1935ರಲ್ಲಿ ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ಸ್ಥಾಪಿಸುವ ಮೊದಲು ಹಳ್ಳಿಗಾಡಿನ ಹೆಚ್ಚಿನ ಶಿಬಿರಗಳಿಗೆ ಇದ್ದ ದಾರಿ ಪೆಟ್ರೋಲ್ ಎಂಜಿನ್. ನಿಮ್ಮ ಶಿಬಿರಕ್ಕೆ ವಿದ್ಯುತ್ ತಂತಿ ಬಂದ ವರ್ಷವನ್ನು ಮೊದಲು ಪತ್ತೆ ಮಾಡಿಕೊಂಡರೆ, ಫಿಲ್ಟರ್ ಬಂದ ವರ್ಷ ಅದರ ಆಸುಪಾಸಿನಲ್ಲೇ ಸಿಗಬಹುದು. ಪಂಪಿನ ಮನೆಯೊಳಗೆ ಯಂತ್ರಗಳ ಮೇಲಿನ ಲೋಹದ ಫಲಕಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಓರೆ ಬೆಳಕು ಬಿಟ್ಟು ಚಿತ್ರ ತೆಗೆಯಿರಿ. ನಿಮಿಷಕ್ಕೆ ಇಷ್ಟು ಗ್ಯಾಲನ್ ಎಂದು ಪಂಪಿನ ಫಲಕದಲ್ಲಿ ಬರೆದಿರುತ್ತದೆ. ಮೇಲೆ ಹೇಳಿದ ಕೊಳದ ನೀರೆಲ್ಲ ಎಂಟು ಗಂಟೆಗೊಮ್ಮೆ ಫಿಲ್ಟರಿನ ಮೂಲಕ ಹಾಯಬೇಕಾದರೆ ನಿಮಿಷಕ್ಕೆ ಸುಮಾರು 117 ಗ್ಯಾಲನ್ ಸಾಮರ್ಥ್ಯ ಬೇಕು. ಪಂಪು ಅದರ ಅರ್ಧವಷ್ಟೇ ಇದ್ದರೆ ಅದು ಚಿಕ್ಕದೊಂದು ಹಳೆಯ ಕೊಳಕ್ಕಾಗಿ ತಂದು ಹೊಸದಕ್ಕೆ ಜೋಡಿಸಿದ ಪಂಪೇ ಎಂದು ವಿಚಾರಿಸಬೇಕು. ಡಯಾಟಮ್ ಮಣ್ಣಿನ (ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪುಡಿಯ) ಫಿಲ್ಟರ್ ಇದ್ದರೆ ಅದು ಎರಡನೆಯ ಮಹಾಯುದ್ಧದ ನಂತರದ್ದೆಂದು ಧಾರಾಳವಾಗಿ ಊಹಿಸಬಹುದು. ಆಮಶಂಕೆಯಿಂದ ಸೈನಿಕರನ್ನು ಕಾಪಾಡಲು ಅಮೆರಿಕದ ಸೇನೆ ಯುದ್ಧಕಾಲದಲ್ಲಿ ಅದನ್ನು ಬೆಳೆಸಿತು, ಯುದ್ಧ ಮುಗಿದ ಮೇಲೆ ಅದು ಈಜುಕೊಳಗಳಿಗೆ ಬಂತು.

ಪೋಲಿಯೊ ಬೇಸಿಗೆಗಳು

ದಾಖಲೆಗಳಲ್ಲಿ ಯಾವುದೋ ಒಂದು ಬೇಸಿಗೆ ಇದ್ದಕ್ಕಿದ್ದಂತೆ ಮೌನವಾಗಿದ್ದರೆ ಮೊದಲು ಪೋಲಿಯೊವನ್ನು ನೆನೆಯಿರಿ. 1916ರಲ್ಲಿ ನ್ಯೂಯಾರ್ಕ್ ಮತ್ತು ಸುತ್ತಲಿನ ಪ್ರದೇಶವನ್ನು ನಡುಗಿಸಿದ ರೋಗ 1940ರ ದಶಕದಲ್ಲಿ ಮತ್ತೆ ಮತ್ತೆ ಮರಳಿತು. 1952ರಲ್ಲಿ ಅಮೆರಿಕದಲ್ಲಿ ಸುಮಾರು 58,000 ಪ್ರಕರಣಗಳು ವರದಿಯಾದವು. ರೋಗ ಬೇಸಿಗೆಯಲ್ಲೇ ಉಲ್ಬಣಿಸುತ್ತಿತ್ತು, ಮಕ್ಕಳನ್ನೇ ಹೆಚ್ಚಾಗಿ ಹಿಡಿಯುತ್ತಿತ್ತು. ಹೀಗಾಗಿ ಊರಿನ ಕೊಳಗಳನ್ನು ಆರೋಗ್ಯಾಧಿಕಾರಿಗಳು ಮುಚ್ಚಿಸುತ್ತಿದ್ದರು, ಪಾಲಕರು ಮಕ್ಕಳನ್ನು ನಗರದಿಂದ ದೂರದ ಶಿಬಿರಕ್ಕೆ ಕಳುಹಿಸಲು ಹಾತೊರೆಯುತ್ತಿದ್ದರು, ಅದೇ ಹೊತ್ತಿನಲ್ಲಿ ಶಿಬಿರದ ಕೊಳವನ್ನು ಕಂಡು ಅಂಜುತ್ತಿದ್ದರು. ಸಾಲ್ಕ್ ಲಸಿಕೆ ಪರಿಣಾಮಕಾರಿ ಎಂಬ ಘೋಷಣೆ 1955ರ ಏಪ್ರಿಲ್ 12ರಂದು ಬಂತು. ಅದಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ಶಿಬಿರದ ನಿರ್ದೇಶಕರು ಪಾಲಕರಿಗೆ ಬರೆದ ಪತ್ರಗಳನ್ನು ಒಂದೊಂದಾಗಿ ಓದಿ. ಶಿಬಿರ ತಡವಾಗಿ ತೆರೆಯಿತೇ, ಭೇಟಿಯ ಭಾನುವಾರವನ್ನು ರದ್ದು ಮಾಡಿದರೇ, ನೀರಿನ ಪರೀಕ್ಷೆಯ ಫಲಿತಾಂಶವನ್ನು ಪತ್ರದಲ್ಲಿ ಸೇರಿಸಿದರೇ ಎಂಬುದನ್ನು ಗಮನಿಸಿ. ಕ್ಲೋರಿನ್ ಯಂತ್ರಕ್ಕೆ ಹಣ ಮಂಜೂರಾದ ಸಭೆಯ ನಡಾವಳಿಯೂ ಇದೇ ವರ್ಷಗಳಲ್ಲಿ ಸಿಗಬಹುದು. ಆ ಪತ್ರಗಳನ್ನು ಬರೆದವರು ತಮ್ಮ ಕೈಯಲ್ಲಿ ಇಲ್ಲದ ಅಪಾಯದ ಎದುರು ನೂರಾರು ಮಕ್ಕಳ ಹೊಣೆ ಹೊತ್ತಿದ್ದರು. ಅವರ ಮಾತುಗಳನ್ನು ಸಂಕ್ಷೇಪಿಸದೆ ಪೂರ್ತಿಯಾಗಿ ಉದ್ಧರಿಸುವುದು ನ್ಯಾಯ.

ಕಟ್ಟಡವನ್ನೇ ಓದುವುದು

ಕಾಗದಗಳು ಸುಟ್ಟುಹೋಗಿದ್ದರೂ ಕೊಳ ಉಳಿದಿರುತ್ತದೆ. ಗೋಡೆಯ ಮೇಲೆ ಮರದ ಹಲಗೆಗಳ ಗೆರೆ ಮೂಡಿದ್ದರೆ ಅಚ್ಚು ಕಟ್ಟಿ ಕಾಂಕ್ರೀಟ್ ಸುರಿದಿದ್ದಾರೆ ಎಂದರ್ಥ. ದುಂಡಗಿನ, ಬಾಗಿದ ಆಕಾರದ ಕೊಳವಾದರೆ ಗಾಳಿಯ ಒತ್ತಡದಿಂದ ಸಿಮೆಂಟನ್ನು ಚಿಮುಕಿಸಿ ಕಟ್ಟಿದ್ದಾಗಿರಬಹುದು. ಕಾರ್ಲ್ ಏಕ್ಲಿ ಎಂಬವರು ಆ ಯಂತ್ರಕ್ಕೆ 1911ರಲ್ಲಿ ಪೇಟೆಂಟ್ ಪಡೆದಿದ್ದರೂ, ಅದರಿಂದ ಈಜುಕೊಳ ಕಟ್ಟುವುದು ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ನಂತರ. ಗಿಲಾವು ಉದುರಿದ ಜಾಗದಲ್ಲಿ ಒಂದರ ಮೇಲೊಂದು ಪದರಗಳನ್ನು ಎಣಿಸಿ, ಅಳತೆಗೋಲು ಇಟ್ಟು ಚಿತ್ರ ತೆಗೆಯಿರಿ. ಸುತ್ತಲ ನೆಲದ ಮೇಲೆ ಬೋಲ್ಟಿನ ತೂತುಗಳು ಮುಚ್ಚಿದ ಗುರುತಿದ್ದರೆ ಅಲ್ಲಿ ಹಾರುಹಲಗೆ ಇತ್ತು. ಆ ಜಾಗದ ಕೆಳಗಿನ ಆಳವನ್ನು ಅಳೆದರೆ ಅದನ್ನು ತೆಗೆದುಹಾಕಿದ್ದು ಏಕೆಂದು ಹೇಳಬೇಕಾಗುವುದೇ ಇಲ್ಲ. ಉದ್ದವೂ ಮಾತಾಡುತ್ತದೆ: 75 ಅಡಿ ಎಂದರೆ 25 ಗಜ, ಅಂದರೆ ಶಾಲಾ ಸ್ಪರ್ಧೆಗಳ ಅಳತೆ; ಅದನ್ನು ಆರಿಸಿದ ಶಿಬಿರ ಆಟವಾಡುವುದಕ್ಕಿಂತ ಈಜು ಕಲಿಸುವುದನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು ಎಂದು ನನಗನಿಸುತ್ತದೆ.

ಕಾಲವನ್ನು ಗೊತ್ತುಮಾಡಲು ಹೊರಗಿನ ಆಧಾರಗಳೂ ಇವೆ. ಅಮೆರಿಕದ ಕೃಷಿ ಇಲಾಖೆ 1930ರ ದಶಕದಿಂದ ವಿಮಾನದಿಂದ ತೆಗೆಸಿದ ಚಿತ್ರಗಳಲ್ಲಿ ಕೊಳ ಬಿಳಿಚಿದ ಆಯತವಾಗಿ ಕಾಣುತ್ತದೆ. ಎರಡು ವರ್ಷಗಳ ಚಿತ್ರಗಳನ್ನು ಹೋಲಿಸಿದರೆ ಕೊಳ ಕಟ್ಟಿದ ಅವಧಿ ಕಿರಿದಾಗುತ್ತದೆ. ಭೂವೈಜ್ಞಾನಿಕ ಸಮೀಕ್ಷೆಯ ಹಳೆಯ ನಕ್ಷೆಗಳಲ್ಲಿ ವಿಮಾನ ಚಿತ್ರಗಳಿಂದ ಆಮೇಲೆ ಸೇರಿಸಿದ ವಿವರಗಳನ್ನು ನೇರಳೆ ಬಣ್ಣದಲ್ಲಿ ಅಚ್ಚು ಮಾಡಿದ್ದಾರೆ. ದಿನಾಂಕವಿಲ್ಲದ ಪ್ರಚಾರ ಪತ್ರಿಕೆಯ ವಿಳಾಸದಲ್ಲಿ ಐದಂಕಿಯ ಅಂಚೆ ಸಂಖ್ಯೆ ಇದ್ದರೆ ಅದು 1963ರ ಜುಲೈಗಿಂತ ಈಚಿನದು. ಚಿತ್ರದ ಅಂಚೆಕಾರ್ಡಿನ ಹಿಂಬದಿ ವಿಳಾಸಕ್ಕೂ ಒಕ್ಕಣೆಗೂ ಎಂದು ಎರಡಾಗಿದ್ದರೆ 1907ರ ನಂತರದ್ದು. ಆದರೆ ಅಂಚೆಯ ಮುದ್ರೆ ಕಾರ್ಡು ಕಳುಹಿಸಿದ ದಿನವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ. ಶಿಬಿರದ ಅಂಗಡಿಯಲ್ಲಿ ಒಂದೇ ಕಾರ್ಡು ಹತ್ತು ವರ್ಷ ಮಾರಾಟವಾಗಿದ್ದೂ ಉಂಟು.

ಸರ್ಕಾರಿ ಜಮೀನಿನ ಶಿಬಿರವಾದರೆ ನಿಮ್ಮ ಕೆಲಸ ಹಗುರ. 1930ರ ದಶಕದಲ್ಲಿ ಕೇಂದ್ರ ಸರ್ಕಾರ 46 ವಿಹಾರ ಪ್ರದೇಶಗಳನ್ನು ಬೆಳೆಸಿ ಗುಂಪು ಶಿಬಿರಗಳನ್ನು ಕಟ್ಟಿಸಿತು. ಮೇರಿಲ್ಯಾಂಡಿನ ಕಟಾಕ್ಟಿನ್ ಬೆಟ್ಟದ ಶಿಬಿರಗಳು ಅವುಗಳಲ್ಲಿ ಸೇರಿವೆ. ಅಲ್ಲಿಯ ಗ್ರೀನ್‌ಟಾಪ್ ಶಿಬಿರವನ್ನು ಅಂಗವಿಕಲ ಮಕ್ಕಳಿಗಾಗಿ 1938ರಿಂದಲೇ ಬಳಸಿದರು. ರಾಷ್ಟ್ರೀಯ ಉದ್ಯಾನ ಸೇವೆಯ ದಾಖಲೆಗಳು ರಾಷ್ಟ್ರೀಯ ಪತ್ರಾಗಾರದ 79ನೇ ದಾಖಲೆ ಗುಂಪಿನಲ್ಲಿವೆ. ಖಾಸಗಿ ಶಿಬಿರಗಳಿಗೆ ಜಿಲ್ಲಾ ಆರೋಗ್ಯ ಕಚೇರಿಯ ಪರವಾನಗಿ ಮತ್ತು ತಪಾಸಣೆ ವರದಿಗಳು, ವಿಮೆಯ ಕಾಗದಗಳು ಉತ್ತಮ ಆಧಾರ.

ದಡದಲ್ಲಿ ನಿಂತವರು

ರೆಡ್‌ಕ್ರಾಸ್ ಸಂಸ್ಥೆಯ ಜೀವರಕ್ಷಣಾ ವಿಭಾಗ ವಿಲ್ಬರ್ಟ್ ಲಾಂಗ್‌ಫೆಲೋ ಅವರ ನೇತೃತ್ವದಲ್ಲಿ 1914ರಲ್ಲಿ ಆರಂಭವಾದ ಮೇಲೆ ಶಿಬಿರದ ನೀರನ್ನು ಕಾಯುವುದು ಕಲಿತು ಮಾಡುವ ಕೆಲಸವಾಯಿತು. ಮಕ್ಕಳನ್ನು ಜೋಡಿಗಳಾಗಿ ನೀರಿಗೆ ಬಿಟ್ಟು, ಸೀಟಿ ಊದಿದಾಗ ಜೋಡಿಯವರು ಪರಸ್ಪರ ಕೈಹಿಡಿದು ಎತ್ತುವಂತೆ ಮಾಡಿ ಎಣಿಸುವ ಪದ್ಧತಿ ಶಿಬಿರಗಳಲ್ಲಿ ಬೇರೂರಿತು. ಮಗು ನೀರಿಗೆ ಇಳಿಯುವಾಗ ತನ್ನ ಬಿಲ್ಲೆಯನ್ನು ಹಲಗೆಯ ಮೇಲೆ ತೂಗುಹಾಕುತ್ತಿತ್ತು, ಹೊರಬರುವಾಗ ತೆಗೆಯುತ್ತಿತ್ತು. ಉಳಿದ ಬಿಲ್ಲೆ ಎಂದರೆ ನೀರಿನಲ್ಲಿ ಉಳಿದ ಮಗು. ಸ್ಕೌಟ್ ಶಿಬಿರಗಳಲ್ಲಿ ಈಜು ಬಾರದವರ ಬಿಲ್ಲೆ ಬಿಳಿಯದು, ಕಲಿಯುತ್ತಿರುವವರದಕ್ಕೆ ಅರ್ಧ ಕೆಂಪು ಬಣ್ಣ, ಬಲ್ಲವರದಕ್ಕೆ ಕೆಂಪು ಮತ್ತು ನೀಲಿ. ಉಗ್ರಾಣದ ಮೂಲೆಯ ಡಬ್ಬಿಯಲ್ಲಿ ಇಂಥ ಬಿಲ್ಲೆಗಳು ಸಿಕ್ಕರೆ ಎಸೆಯಬೇಡಿ, ತೊಳೆಯಲೂ ಬೇಡಿ. ಅವುಗಳ ಸಂಖ್ಯೆ, ಬಣ್ಣ, ಹೆಸರುಗಳಿಂದ ಒಂದು ಬೇಸಿಗೆಯಲ್ಲಿ ಎಷ್ಟು ಮಕ್ಕಳಿಗೆ ಈಜು ಬರುತ್ತಿತ್ತು ಎಂಬ ಚಿತ್ರವೇ ಸಿಗುತ್ತದೆ, ಮತ್ತು ಈಜುಕೊಳದ ಇತಿಹಾಸದಲ್ಲಿ ಅದಕ್ಕಿಂತ ಬೆಲೆಯುಳ್ಳ ದಾಖಲೆ ನನಗೆ ತೋಚುವುದಿಲ್ಲ.

ಇಳಿಯಲು ಬಿಡದ ಮಕ್ಕಳು

ಈ ಭಾಗವನ್ನು ಬರೆಯಲು ಸಮಿತಿಯವರು ಹಿಂಜರಿಯಬಹುದು, ನೀವು ಹಿಂಜರಿಯಬಾರದು. ಅಮೆರಿಕದಲ್ಲಿ ಜನಾಂಗ ಭೇದ ಅತಿ ಕಠಿಣವಾಗಿ ಕಾಣಿಸಿಕೊಂಡ ಜಾಗಗಳಲ್ಲಿ ಈಜುಕೊಳ ಒಂದು, ಶಿಬಿರಗಳು ಅದಕ್ಕೆ ಹೊರತಾಗಿರಲಿಲ್ಲ. ಕಪ್ಪು ಜನರ ಮಕ್ಕಳಿಗಾಗಿಯೇ ಮ್ಯಾಸಚೂಸೆಟ್ಸ್‌ನ ನಾರ್ತ್ ಬ್ರೂಕ್‌ಫೀಲ್ಡಿನಲ್ಲಿ 1921ರಲ್ಲಿ ಅಟ್‌ವಾಟರ್ ಶಿಬಿರ ಹುಟ್ಟಿಕೊಂಡದ್ದು ಉಳಿದ ಬಾಗಿಲುಗಳು ಮುಚ್ಚಿದ್ದರಿಂದ. 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೂ ಕೆಲವು ಈಜುತಾಣಗಳು ತಾವು ಸದಸ್ಯರ ಖಾಸಗಿ ಕ್ಲಬ್ಬು ಎಂದು ಹೇಳಿಕೊಂಡವು. ಅರ್ಕನ್ಸಾದ ಲೇಕ್ ನಿಕ್ಸನ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಈ ವಾದವನ್ನು ತಳ್ಳಿಹಾಕಿತು. ನಿಮ್ಮ ಶಿಬಿರದ ವರ್ಷವಾರು ಗುಂಪು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ, ಅರ್ಜಿ ನಮೂನೆಗಳಲ್ಲಿ ಏನೇನು ಕೇಳಿದ್ದಾರೆ ಎಂದು ಓದಿ, ಕೊಳವನ್ನು ಬಾಡಿಗೆಗೆ ಕೊಟ್ಟ ಪಟ್ಟಿಯಲ್ಲಿ ಯಾವ ಸಂಘಗಳ ಹೆಸರಿಲ್ಲ ಎಂದು ಗಮನಿಸಿ. ಕಂಡುದನ್ನು ದಿನಾಂಕ ಸಮೇತ ಬರೆಯಿರಿ. ಊಹೆಯಿಂದ ಆರೋಪಿಸುವುದೂ ಬೇಡ, ಮೆದು ಮಾತಿನಿಂದ ಮುಚ್ಚುವುದೂ ಬೇಡ.

ನೆನಪುಗಳನ್ನು ಸಂಗ್ರಹಿಸುವಾಗ

ಮಕ್ಕಳಾಗಿ ಬಂದವರಿಗೆ ವರ್ಷಗಳು ನೆನಪಿರುವುದಿಲ್ಲ. ಕೊಳ ಯಾವ ವರ್ಷ ಕಟ್ಟಿದ್ದು ಎಂದು ಕೇಳುವ ಬದಲು, ನೀವು ಯಾವ ಗುಡಿಸಲಿನಲ್ಲಿದ್ದಿರಿ, ಆಗ ಎಷ್ಟನೇ ತರಗತಿ ಮುಗಿಸಿದ್ದಿರಿ, ಈಜಿ ಬಂದು ಬಟ್ಟೆ ಬದಲಿಸುತ್ತಿದ್ದುದು ಎಲ್ಲಿ, ತಳದ ಬಣ್ಣ ಯಾವುದು, ನೀರು ಕಣ್ಣಿಗೆ ಉರಿಯುತ್ತಿತ್ತೇ ಎಂದು ಕೇಳಿ. ಕಣ್ಣುರಿ ಎಂದರೆ ಕ್ಲೋರಿನ್ ಬಂದಿತ್ತು, ಕಾಲು ಜಾರುತ್ತಿತ್ತು ಎಂದರೆ ಪಾಚಿ ಇತ್ತು. ಎಲ್ಲರೂ ಕೊಳವನ್ನು ಅದಿರುವುದಕ್ಕಿಂತ ದೊಡ್ಡದಾಗಿ ನೆನೆಯುತ್ತಾರೆ, ಆದ್ದರಿಂದ ಅಳತೆಗೆ ನೆನಪನ್ನು ನಂಬಬೇಡಿ. ಶಿಬಿರಾರ್ಥಿಗಳಿಗಿಂತ ಮೊದಲು ಪಂಪು ನೋಡಿಕೊಳ್ಳುತ್ತಿದ್ದವರನ್ನೂ ದಾದಿಯರನ್ನೂ ಮಾತಾಡಿಸಿ. ಇಂಥವರ ಹೆಸರು ಸ್ಮರಣ ಸಂಚಿಕೆಗಳಲ್ಲಿ ಬರುವುದು ಅಪರೂಪ, ಕೊಳದ ದಿನಚರಿಯನ್ನು ಬಲ್ಲವರು ಮಾತ್ರ ಅವರೇ.

ಸಾವು ಸಂಭವಿಸಿದ್ದರೆ ಅದನ್ನು ಬಿಡಬಾರದು, ಏಕೆಂದರೆ ನಿಯಮಗಳು ಬದಲಾದದ್ದು ಬಹುಮಟ್ಟಿಗೆ ಅಂಥ ದಿನಗಳಿಂದಲೇ. ಆದರೆ ಮಗುವಿನ ಹೆಸರು ಬೇಡ. ಕುಟುಂಬದವರು ಬದುಕಿದ್ದರೆ ಅಚ್ಚಿಗೆ ಹೋಗುವ ಮೊದಲು ಅವರಿಗೆ ತಿಳಿಸಿ, ಆಮೇಲೆ ಬದಲಾದ ನಿಯಮವನ್ನು ಸ್ಪಷ್ಟವಾಗಿ ಬರೆಯಿರಿ. ಈಜುಡುಗೆಯಲ್ಲಿರುವ ಮಕ್ಕಳ ಚಿತ್ರಗಳನ್ನು ಹೆಸರು ಹಾಕಿ ಅಂತರ್ಜಾಲದಲ್ಲಿ ಹರಿಯಬಿಡಬೇಡಿ. ದೂರದಿಂದ ತೆಗೆದ, ಕೊಳ ಮುಖ್ಯವಾಗಿ ಕಾಣುವ ಚಿತ್ರಗಳನ್ನು ಆರಿಸಿಕೊಳ್ಳಿ.

ಈಚಿನ ಬದಲಾವಣೆಗಳನ್ನು ಬೇಗ ದಾಖಲಿಸಿ

ಹತ್ತಿರದ ಕಾಲದ ಕಾಗದಗಳೇ ಬೇಗ ಕಳೆದುಹೋಗುತ್ತವೆ. ಹೀರುವ ತೂಬಿನ ಜಾಲರಿಗೆ ಕೂದಲು ಅಥವಾ ಮೈ ಸಿಕ್ಕಿಕೊಂಡು ಮಕ್ಕಳು ಸತ್ತ ಮೇಲೆ 2007ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕೇಂದ್ರ ಕಾಯಿದೆ ಮರುವರ್ಷದ ಡಿಸೆಂಬರ್‌ನಿಂದ ಸುರಕ್ಷಿತ ಮುಚ್ಚಳಗಳನ್ನು ಕಡ್ಡಾಯ ಮಾಡಿತು; ನಿಮ್ಮ ಕೊಳದ ಮುಚ್ಚಳ ಬದಲಾದ ರಸೀದಿಯನ್ನು ಈಗಲೇ ಹುಡುಕಿಡಿ. ಅಂಗವಿಕಲರು ನೀರಿಗೆ ಇಳಿಯುವ ಅನುಕೂಲಗಳ ಬಗ್ಗೆ ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಬಂದ 2010ರ ಮಾನದಂಡಗಳು, ಕೊಳದ ಗೋಡೆಯ ಒಟ್ಟು ಸುತ್ತಳತೆ 300 ಅಡಿ ಅಥವಾ ಹೆಚ್ಚಿದ್ದರೆ ಎರಡು ದಾರಿ, ಕಡಿಮೆಯಿದ್ದರೆ ಒಂದು ದಾರಿ ಇರಬೇಕೆನ್ನುತ್ತವೆ. ಧಾರ್ಮಿಕ ಸಂಸ್ಥೆಗಳು ನಡೆಸುವ ಶಿಬಿರಗಳಿಗೆ ಆ ಕಾಯಿದೆ ಅನ್ವಯಿಸದು. ಆದ್ದರಿಂದ ಅಂಥ ಶಿಬಿರವೊಂದು ಆಸನವಿರುವ ಎತ್ತುಯಂತ್ರವನ್ನು ಕೂರಿಸಿದ್ದರೆ ಅದು ತಾನಾಗಿ ತೆಗೆದುಕೊಂಡ ನಿರ್ಧಾರ ಎಂದು ದಾಖಲಿಸುವುದು ಯೋಗ್ಯ.

ಹಳೆಯ ಕೊಳವನ್ನು ಮುಚ್ಚಲು ತೀರ್ಮಾನವಾಗಿದ್ದರೆ, ಮಳೆನೀರು ಇಳಿಯಲೆಂದು ತಳಕ್ಕೆ ತೂತು ಕೊರೆದು ಮಣ್ಣು ತುಂಬುವ ಮೊದಲು, ಒಂದಿಡೀ ದಿನ ಅಲ್ಲಿ ಕಳೆಯಲು ಅನುಮತಿ ಕೇಳಿ. ಅಡಿಗೊಂದರಂತೆ ಆಳವನ್ನು ಅಳೆದು ಉದ್ದಸೀಳಿನ ನಕ್ಷೆ ಬರೆಯಿರಿ, ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಗುರುತಿಸಿ, ಗಿಲಾವಿನ ಒಂದು ತುಂಡನ್ನೂ ಆಳದ ಅಂಕಿಯಿರುವ ಒಂದು ಟೈಲನ್ನೂ ತೆಗೆದಿಟ್ಟು ಯಾವ ಗೋಡೆಯದೆಂದು ಚೀಟಿ ಅಂಟಿಸಿ, ನಾಲ್ಕು ಮೂಲೆಗಳ ಸ್ಥಾನವನ್ನು ಉಳಿದು ನಿಲ್ಲುವ ಕಟ್ಟಡವೊಂದರಿಂದ ಅಳೆದು ಬರೆದಿಡಿ. ಇವೆಲ್ಲದರ ಒಂದು ಪ್ರತಿ ಶಿಬಿರದ ಕಚೇರಿಯಲ್ಲಿರಲಿ, ಇನ್ನೊಂದು ಆ ಜಿಲ್ಲೆಯ ಇತಿಹಾಸ ಸಂಘಕ್ಕೋ ಸಾರ್ವಜನಿಕ ಗ್ರಂಥಾಲಯಕ್ಕೋ ತಲುಪಲಿ.